ಟ್ಯೂಬಿನ ಗದ್ದಲ, ಮೂವತ್ತು ಪೌಂಡಿನ ಇಯರ್‌ಫೋನ್ ಮತ್ತು ಕಿವಿ ಎಂಬ ಬಂಡವಾಳ

ಈ ಸಲ ಐಸಾ ಇಲ್ಲ, ಪೆನ್ಷನ್ ಇಲ್ಲ, ರೂಪಾಯಿ-ಪೌಂಡ್ ದರದ ಗೊಣಗಾಟವೂ ಇಲ್ಲ. ಕಿವಿಯೊಳಗೆ ಕೂರುವ ಇಯರ್‌ಫೋನ್ ಬಗ್ಗೆ ಬರೆಯುತ್ತಿದ್ದೇನೆ. ದುಡ್ಡಿನ ವಿಷಯ ಬರೆಯುವವನಿಗೆ ಇದೆಲ್ಲಿಂದ ಬಂತು ಎಂದು ಕೇಳಬಹುದು. ಕಾರಣ ಎರಡು. ಒಂದು, ಲಂಡನ್ನಿಗೆ ಹೊಸದಾಗಿ ಬಂದ ನಮ್ಮ ಹುಡುಗರು ಮೊದಲ ಸಂಬಳದಲ್ಲಿ ಯೋಚಿಸದೆ ಕೈಬಿಚ್ಚುವ ವಸ್ತುಗಳಲ್ಲಿ ಇದೂ ಒಂದು. ಇನ್ನೂರು ಪೌಂಡ್ ದಾಟಿದ್ದನ್ನು ಕಣ್ಣು ಮುಚ್ಚಿ ತೆಗೆದುಕೊಳ್ಳುತ್ತಾರೆ, ಇಲ್ಲವೇ ಸ್ಟೇಷನ್ ಪಕ್ಕದ ಅಂಗಡಿಯಲ್ಲಿ ಐದು ಪೌಂಡಿಗೆ ಸಿಕ್ಕಿದ್ದನ್ನು ಕಿವಿಗೆ ತುರುಕಿಕೊಳ್ಳುತ್ತಾರೆ. ಎರಡನೆಯದು, ಬೆಲೆಗೂ ಗುಣಕ್ಕೂ ಸಂಬಂಧ ಇಷ್ಟು ಸಡಿಲವಾಗಿರುವ ಮಾರುಕಟ್ಟೆ ನನಗೆ ತಿಳಿದಂತೆ ಹೆಚ್ಚಿಲ್ಲ. ಹೂಡಿಕೆಯಲ್ಲಿ ನಾವು ಕಲಿಯಬೇಕಾದ ಒಂದು ಪಾಠ ಇಲ್ಲಿ ಮೂವತ್ತು ಪೌಂಡಿಗೆ ಸಿಗುತ್ತದೆ.

ಮೊದಲು ಗದ್ದಲದ ವಿಷಯ. ನಾನು ಕಿಂಗ್ಸ್‌ಬರಿಯಿಂದ ಕೆನರಿ ವಾರ್ಫ್‌ಗೆ ವಾರಕ್ಕೆ ಮೂರು ದಿನ ಜುಬಿಲಿ ಲೈನಿನಲ್ಲಿ ಓಡಾಡುತ್ತೇನೆ. ಫಿಂಚ್ಲಿ ರೋಡ್ ತನಕ ರೈಲು ಬಯಲಿನಲ್ಲಿ ಹೋಗುತ್ತದೆ, ತೊಂದರೆ ಇಲ್ಲ. ಅಲ್ಲಿಂದ ಸುರಂಗ ಹೊಕ್ಕಿತೋ, ಪಕ್ಕದವರು ಕೂಗಿದರೂ ಕೇಳುವುದಿಲ್ಲ. ಆಳದ ಸುರಂಗದ ಲೈನುಗಳಲ್ಲಿ ಬೋಗಿಗಳಿಗೆ ಎಸಿ ಇಲ್ಲ. ಗಾಳಿಗೆಂದು ಬೋಗಿಯ ತುದಿಯ ಕಿಟಕಿ ತೆರೆದಿಟ್ಟಿರುತ್ತಾರೆ, ಅಲ್ಲಿಂದ ಚಕ್ರ ಹಳಿಗೆ ಉಜ್ಜುವ ಕೀರಲು ನೇರ ಒಳಗೆ ಬರುತ್ತದೆ. ಸೆಂಟ್ರಲ್, ನಾರ್ದರ್ನ್, ವಿಕ್ಟೋರಿಯಾ ಲೈನಿನವರಿಗೆ ಇದನ್ನು ವಿವರಿಸಬೇಕಿಲ್ಲ. 2019ರಲ್ಲಿ ಈ ಮೂರು ಲೈನುಗಳ ಜೊತೆಗೆ ಜುಬಿಲಿಯ ಚಾಲಕರೂ ಸೇರಿ, ಈ ಶಬ್ದದ ಕಾರಣಕ್ಕೇ ಆರ್‌ಎಂಟಿ ಸಂಘದ ಮೂಲಕ ಹೋರಾಟಕ್ಕೆ ಮತ ಹಾಕಿದ್ದರು. ರೈಲು ಓಡಿಸುವವರೇ ಹಾಗೆ ಹೇಳಿದ ಮೇಲೆ, ದಿನಾ ಕೂತು ಹೋಗುವ ನಾವು ಯಾಕೆ ಸುಮ್ಮನಿರಬೇಕು? 2022ರಲ್ಲಿ ಶುರುವಾದ ಎಲಿಜಬೆತ್ ಲೈನಿನಲ್ಲಿ ಓಡಾಡುವ ಪುಣ್ಯವಂತರು ಈ ಪ್ಯಾರಾವನ್ನು ದಾಟಿ ಮುಂದೆ ಹೋಗಬಹುದು.

ಈ ಗದ್ದಲದಲ್ಲಿ ಹಾಡು ಕೇಳಬೇಕೆಂದರೆ ಇರುವ ದಾರಿ ಎರಡೇ. ಹೊರಗಿನ ಸದ್ದನ್ನು ತಗ್ಗಿಸಬೇಕು, ಇಲ್ಲವೇ ಒಳಗಿನ ಸದ್ದನ್ನು ಏರಿಸಬೇಕು. ಹೆಚ್ಚಿನವರು ಎರಡನೆಯದನ್ನು ಮಾಡುತ್ತಾರೆ. ಬೆರಳು ತಾನಾಗಿಯೇ ವಾಲ್ಯೂಮ್ ಗುಂಡಿಗೆ ಹೋಗುತ್ತದೆ, ನಾವು ಗಮನಿಸುವುದೂ ಇಲ್ಲ.

ಇಲ್ಲಿ ಒಂದು ಲೆಕ್ಕ ಇದೆ, ಬಡ್ಡಿ ಲೆಕ್ಕದಷ್ಟೇ ನಿಷ್ಠುರವಾದದ್ದು. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ದೊಡ್ಡವರು ವಾರಕ್ಕೆ 40 ಗಂಟೆ, 80 ಡೆಸಿಬೆಲ್‌ವರೆಗೆ ಕೇಳಿದರೆ ಕಿವಿಗೆ ಅಪಾಯ ಕಡಿಮೆ. ಡೆಸಿಬೆಲ್ ನಮ್ಮ ಕೂಡು-ಕಳೆ ಲೆಕ್ಕದ ಹಾಗಿಲ್ಲ. ಪ್ರತಿ 3 ಡೆಸಿಬೆಲ್ ಏರಿಕೆಗೆ ಶಬ್ದದ ಶಕ್ತಿ ಎರಡು ಪಟ್ಟು, ಹಾಗಾಗಿ ಸುರಕ್ಷಿತ ಸಮಯ ಅರ್ಧ. 83ಕ್ಕೆ 20 ಗಂಟೆ, 86ಕ್ಕೆ 10, 89ಕ್ಕೆ 5, 92ಕ್ಕೆ ಎರಡೂವರೆ. ಈಗ ನನ್ನ ಓಡಾಟಕ್ಕೆ ಬನ್ನಿ: ಒಂದು ದಿಕ್ಕಿಗೆ ಸುಮಾರು 45 ನಿಮಿಷ, ದಿನಕ್ಕೆ ಒಂದೂವರೆ ಗಂಟೆ, ವಾರಕ್ಕೆ ನಾಲ್ಕೂವರೆ ಗಂಟೆ. ಸುರಂಗದ ಸದ್ದು 85ರ ಮೇಲಿದ್ದು, ಅದನ್ನು ಮೀರಿಸಲು ಹಾಡನ್ನು 92ಕ್ಕೆ ಏರಿಸಿದರೆ ವಾರದ ಕೋಟಾ ಎರಡನೇ ದಿನ ಸಂಜೆ ಮನೆಗೆ ಬರುವಷ್ಟರಲ್ಲೇ ಮುಗಿದಿರುತ್ತದೆ. ಮೂರನೇ ದಿನದ್ದು ಓವರ್‌ಡ್ರಾಫ್ಟ್. ಆಫೀಸಿನ ಟೀಮ್ಸ್ ಕಾಲ್, ಜಿಮ್, ರಾತ್ರಿಯ ಸಿನಿಮಾ ಇನ್ನೂ ಲೆಕ್ಕಕ್ಕೇ ಬಂದಿಲ್ಲ. ಈ ದೇಶದ ಕೆಲಸದ ಜಾಗದ ಶಬ್ದ ನಿಯಮಗಳು, ಅಂದರೆ 2005ರವು, ಸರಾಸರಿ 80 ಡೆಸಿಬೆಲ್ ತಲುಪಿದರೆ ಕೇಳಿದ ನೌಕರರಿಗೆ ಮಾಲೀಕರು ಕಿವಿರಕ್ಷಕ ಒದಗಿಸಬೇಕು, 85 ತಲುಪಿದರೆ ನೌಕರರು ಹಾಕಿಕೊಳ್ಳಲೇಬೇಕು ಎನ್ನುತ್ತವೆ. ಕಾರ್ಖಾನೆಯಲ್ಲಿ ಕಾನೂನು ಬೇಡವೆನ್ನುವ ಸದ್ದನ್ನು ನಾವು ದುಡ್ಡು ಕೊಟ್ಟು ಕಿವಿಗೆ ತುಂಬಿಕೊಳ್ಳುತ್ತೇವೆ.

ನಮ್ಮಪ್ಪ ದಾವಣಗೆರೆಯ ಒಂದು ಹತ್ತಿ ಗಿರಣಿಯಲ್ಲಿ ಮಗ್ಗದ ವಿಭಾಗದಲ್ಲಿ 26 ವರ್ಷ ದುಡಿದವರು. ಆಗ ಕಿವಿಗೆ ಯಾರೂ ಏನೂ ಕೊಡುತ್ತಿರಲಿಲ್ಲ, ಕೇಳುವವರೂ ಇರಲಿಲ್ಲ. ಈಗ ಭಾನುವಾರದ ವಿಡಿಯೋ ಕಾಲಿನಲ್ಲಿ ನಾನು ಹೇಳಿದ್ದನ್ನು ಅಮ್ಮ ಅವರ ಬಲಗಿವಿಯ ಹತ್ತಿರ ಬಾಯಿಟ್ಟು ಮತ್ತೆ ಹೇಳಬೇಕು. "ಏನಂತೆ? ಏನಂತಾನೆ?" ಎಂದು ಅಮ್ಮನ ಕಡೆ ತಿರುಗುತ್ತಾರೆ. ಮೊಮ್ಮಗಳ ಕೀಚಲು ದನಿಯಂತೂ ಅವರಿಗೆ ಪೂರ್ತಿ ಹೋಗಿಬಿಟ್ಟಿದೆ. ಗದ್ದಲದಿಂದ ಕಿವಿ ಹೋಗುವಾಗ ಮೇಲಿನ ಸ್ಥಾಯಿಯ ಸದ್ದುಗಳೇ ಮೊದಲು ಹೋಗುತ್ತವೆ. ಮಕ್ಕಳ ಮಾತು, ಹಕ್ಕಿ ದನಿ, 'ಸ' ಮತ್ತು 'ತ' ಅಕ್ಷರಗಳು. ಹಿಯರಿಂಗ್ ಏಡ್ ಕೊಡಿಸಿದ್ದೇವೆ. ಊಟದ ಮನೆಯಲ್ಲಿ ನಾಲ್ಕು ಜನ ಒಟ್ಟಿಗೆ ಮಾತಾಡಿದರೆ ತಲೆ ಸಿಡಿಯುತ್ತದೆ ಎಂದು ತೆಗೆದು ಡ್ರಾಯರಿನಲ್ಲಿ ಇಡುತ್ತಾರೆ. ಇಲ್ಲಿಯ ಎನ್‌ಎಚ್‌ಎಸ್ ಹಿಯರಿಂಗ್ ಏಡನ್ನು ಎರವಲಾಗಿ ಪುಕ್ಕಟೆ ಕೊಡುತ್ತದೆ, ವೀಸಾದಲ್ಲಿರುವ ನಾವು ವರ್ಷಕ್ಕೆ 1,035 ಪೌಂಡ್ ಹೆಲ್ತ್ ಸರ್‌ಚಾರ್ಜ್ ಕಟ್ಟುವುದರಿಂದ ನಮಗೂ ಅದು ಸಲ್ಲುತ್ತದೆ. ಖಾಸಗಿಯಾಗಿ ಕೊಂಡರೆ ಒಂದು ಜೊತೆಗೆ ಸಾವಿರದ ಲೆಕ್ಕ. ಆದರೆ ದುಡ್ಡು ಕೊಟ್ಟರೂ ಕೊಡದಿದ್ದರೂ ಒಳಗಿವಿಯ ಕೂದಲು ಕೋಶಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ. ಈ ಬಂಡವಾಳಕ್ಕೆ ಮರುಪಾವತಿ ಇಲ್ಲ.

ಆದ್ದರಿಂದ ಇಯರ್‌ಫೋನ್ ಆರಿಸುವಾಗ ನಾನು ಮೊದಲು ನೋಡುವುದು ಅದು ಹೊರಗಿನ ಸದ್ದನ್ನು ಎಷ್ಟು ತಡೆಯುತ್ತದೆ ಎಂಬುದನ್ನು. ನಾದದ ಗುಣ ಎರಡನೆಯದು. ವಿಚಿತ್ರವೆಂದರೆ ಮೊದಲನೆಯದು ಸರಿಹೋದರೆ ಎರಡನೆಯದು ಅರ್ಧ ತಾನಾಗಿಯೇ ಸರಿಹೋಗುತ್ತದೆ.

ತಡೆಯುವುದರಲ್ಲಿ ಎರಡು ಬಗೆ

ಒಂದು ಬಗೆ ಎಲೆಕ್ಟ್ರಾನಿಕ್. ಹೊರಗಿನ ಸದ್ದನ್ನು ಪುಟ್ಟ ಮೈಕಿನಲ್ಲಿ ಹಿಡಿದು ಅದರ ತಲೆಕೆಳಗಾದ ಅಲೆಯನ್ನು ಕಿವಿಗೆ ಬಿಡುವುದು. 1978ರಲ್ಲಿ ಜ್ಯೂರಿಕ್‌ನಿಂದ ವಿಮಾನದಲ್ಲಿ ಹೋಗುವಾಗ ಹೆಡ್‌ಫೋನಿನಲ್ಲಿ ಏನೂ ಸರಿಯಾಗಿ ಕೇಳದೆ ಅಮರ್ ಬೋಸ್ ಅಲ್ಲೇ ಕೂತು ಲೆಕ್ಕ ಹಾಕಲು ಶುರುಮಾಡಿದ ಕಥೆ ನೀವು ಕೇಳಿರಬಹುದು. ಬಂಗಾಳದಿಂದ ಅಮೆರಿಕಕ್ಕೆ ಹೋದ ಸ್ವಾತಂತ್ರ್ಯ ಹೋರಾಟಗಾರರೊಬ್ಬರ ಮಗ ಅವರು. ಈ ತಂತ್ರ ವಿಮಾನದ ಗುಂಯ್ ಎನ್ನುವಂಥ ಒಂದೇ ಸಮನೆ ಬರುವ ತಗ್ಗು ದನಿಗೆ ಬಹಳ ಚೆನ್ನ. ಥಟ್ಟನೆ ಬರುವ ಕೀರಲಿಗೆ, ಮೇಲಿನ ಸ್ಥಾಯಿಗೆ ಅಷ್ಟು ನಡೆಯುವುದಿಲ್ಲ.

ಇನ್ನೊಂದು ಬಗೆ ಬರೀ ಬಿರಡೆ. ಬಾಟಲಿಗೆ ಬಿರಡೆ ಹಾಕಿದ ಹಾಗೆ ಕಿವಿಯ ದಾರಿಯನ್ನು ರಬ್ಬರ್ ಅಥವಾ ಫೋಮಿನಿಂದ ಮುಚ್ಚುವುದು. ಇದರಲ್ಲಿ ಬ್ಯಾಟರಿ ಇಲ್ಲ, ಚಿಪ್ ಇಲ್ಲ, ಅಪ್‌ಡೇಟ್ ಇಲ್ಲ. ಮೇಲಿನ ಸ್ಥಾಯಿಯನ್ನು ಇದು ಚೆನ್ನಾಗಿ ತಡೆಯುತ್ತದೆ, ಅಂದರೆ ಟ್ಯೂಬಿನ ಆ ಹಲ್ಲು ಜುಮ್ಮೆನ್ನಿಸುವ ಕೀರಲನ್ನು. ಎಷ್ಟು ತಡೆಯಬಹುದು ಎನ್ನುವುದಕ್ಕೆ ಅಳತೆಗೋಲು ಬೇಕಿದ್ದರೆ ಕಾರ್ಖಾನೆಯವರು ಹಾಕುವ ಹಳದಿ-ಕಿತ್ತಳೆ ಫೋಮ್ ಬಿರಡೆ ನೋಡಿ. ಕೆಲವೇ ಪೆನ್ನಿಗೆ ಒಂದು ಜೊತೆ ಸಿಗುವ 3ಎಂ 1100ಕ್ಕೆ ಯೂರೋಪಿನ ರೇಟಿಂಗಿನಲ್ಲಿ 37 ಡೆಸಿಬೆಲ್. ನನ್ನ ಕೋಟಿನ ಜೇಬಿನಲ್ಲಿ ಯಾವಾಗಲೂ ಒಂದು ಜೊತೆ ಇರುತ್ತದೆ, ಹಾಡು ಬೇಡವೆನ್ನಿಸಿದ ದಿನಕ್ಕೆ. ಈ ಲೇಖನದಲ್ಲಿ ಇದಕ್ಕಿಂತ ಒಳ್ಳೆಯ ಹೂಡಿಕೆ ಇನ್ನೊಂದಿಲ್ಲ, ಹೇಳಿಬಿಡುತ್ತೇನೆ.

ಇಯರ್‌ಫೋನುಗಳಲ್ಲಿ ಬಿರಡೆಯ ವಿಚಾರವನ್ನು ಪೂರ್ತಿ ಗಂಭೀರವಾಗಿ ತೆಗೆದುಕೊಂಡವರು ಅಮೆರಿಕದ ಎಟಿಮೋಟಿಕ್ ಕಂಪನಿಯವರು. ಹಿಯರಿಂಗ್ ಏಡ್ ಸಂಶೋಧನೆಯಲ್ಲಿ ಪಳಗಿದ್ದ ಮೀಡ್ ಕಿಲಿಯನ್ 1983ರಲ್ಲಿ ಕಟ್ಟಿದ್ದು. 1991ರಲ್ಲಿ ಅವರು ತಂದ ಇಆರ್-4 ಇಂದಿನ ಇನ್-ಇಯರ್‌ಗಳಿಗೆಲ್ಲ ಒಂದು ರೀತಿಯಲ್ಲಿ ತಾತ. ಮೂರು ಅಂಚಿನ ರಬ್ಬರನ್ನು ಕಿವಿಯಲ್ಲಿ ಆಳಕ್ಕೆ ಇಳಿಸಿದರೆ 35ರಿಂದ 42 ಡೆಸಿಬೆಲ್ ತಡೆಯುತ್ತದೆ ಎಂದು ಕಂಪನಿ ಹೇಳುತ್ತದೆ. ಅದು ನಿಜವಾಗಿಯೂ ಆಳ. ಮೊದಲ ಸಲ ಹಾಕಿದವರು ಡಾಕ್ಟರ ಮುಂದೆ ಕೂತವರಂತೆ ಮುಖ ಮಾಡುತ್ತಾರೆ. ಸಹಿಸಿಕೊಳ್ಳುವವರಿಗೆ ಅದಕ್ಕಿಂತ ನಿಶ್ಶಬ್ದವಾದದ್ದು ಇನ್ನೊಂದಿಲ್ಲ, ಆದರೆ ನಾನು ಎಲ್ಲರಿಗೂ ಹೇಳುವುದಿಲ್ಲ.

ಬೆಲೆ ಏನು ಹೇಳುತ್ತದೆ?

ಹೆಚ್ಚೇನೂ ಇಲ್ಲ. 2017ರಲ್ಲಿ ಜೆರೋನ್ ಬ್ರೀಬಾರ್ಟ್ ಎಂಬ ಸಂಶೋಧಕರು 283 ಹೆಡ್‌ಫೋನುಗಳ ಅಳತೆ ತೆಗೆದು, ಯಾವ ಸ್ಥಾಯಿಯನ್ನು ಎಷ್ಟು ಜೋರಾಗಿ ನುಡಿಸುತ್ತವೆ ಎಂಬುದನ್ನು ಅಂಗಡಿಯ ಬೆಲೆಯ ಪಕ್ಕದಲ್ಲಿಟ್ಟು ನೋಡಿದರು. ಕಿವಿಯೊಳಗಿನವು, ಕಿವಿಯ ಮೇಲಿನವು, ಕಿವಿ ಸುತ್ತುವವು ಎಲ್ಲವೂ ಇದ್ದವು. ಎರಡಕ್ಕೂ ಸಂಬಂಧವೇ ಕಾಣಲಿಲ್ಲ. ಲೇಖನದ ತಲೆಬರಹವೇ ಅದನ್ನು ಹೇಳುತ್ತದೆ. ಕಟ್ಟುಮಸ್ತು, ಕೇಬಲ್, ಪೆಟ್ಟಿಗೆ, ಬ್ರ್ಯಾಂಡ್ ಇವಕ್ಕೆ ದುಡ್ಡು ಹೋಗುತ್ತದೆ, ಅದು ಬೇರೆ ಮಾತು. ನಾದಕ್ಕೆ ಹೋಗುತ್ತದೆ ಎಂದು ಬೆಲೆಪಟ್ಟಿ ನೋಡಿ ಹೇಳಲಾಗದು. ವರ್ಷಕ್ಕೆ ಶೇಕಡಾ ಒಂದೂವರೆ ಶುಲ್ಕ ಕೀಳುವ ಫಂಡ್ ಮ್ಯಾನೇಜರು ಅಷ್ಟು ಹೆಚ್ಚು ಲಾಭವನ್ನೇನೂ ತಂದುಕೊಡುವುದಿಲ್ಲ ಎಂದು ನಾನು ಎಷ್ಟು ಸಲ ಬರೆದಿದ್ದೇನೆ! ಇದೂ ಅದೇ ಜಾತಿ.

ಇನ್ನೊಂದು ಕಡೆಯಿಂದಲೂ ಇದಕ್ಕೆ ಬಲ ಬಂತು. ಹಾರ್ಮನ್ ಕಂಪನಿಯಲ್ಲಿ ಶಾನ್ ಆಲಿವ್ ಮತ್ತವರ ತಂಡ 2012ರಿಂದೀಚೆಗೆ ಸಾಮಾನ್ಯ ಕೇಳುಗರನ್ನು ಕೂರಿಸಿ, ಯಾವುದು ಯಾವ ಬ್ರ್ಯಾಂಡ್ ಎಂದು ತೋರಿಸದೆ, ಅವರಿಗೆ ಎಂಥ ನಾದ ಹಿಡಿಸುತ್ತದೆ ಎಂದು ಪರೀಕ್ಷೆ ಮಾಡುತ್ತಾ ಬಂದರು. ಅದರಿಂದ ಒಂದು ಗೆರೆ ಹುಟ್ಟಿತು, ಹಾರ್ಮನ್ ಕರ್ವ್ ಎನ್ನುತ್ತಾರೆ. ಗುರಿ ಎಲ್ಲಿದೆ ಎಂದು ಬಹಿರಂಗವಾಗಿ ಗೊತ್ತಾದ ಮೇಲೆ ಹೊಡೆಯುವುದು ಕಷ್ಟವೇ? ಚೀನಾದ ಸಣ್ಣ ಕಂಪನಿಗಳು ಅದಕ್ಕೆ ಹತ್ತಿರವಾಗಿ ಶ್ರುತಿ ಮಾಡಿದ ಇಯರ್‌ಫೋನುಗಳನ್ನು ಇಪ್ಪತ್ತು ಪೌಂಡಿಗೆ ಬಿಡಲು ಶುರುಮಾಡಿದವು. 2022ರಲ್ಲಿ ಬಂದ ಮೂನ್‌ಡ್ರಾಪ್ ಚು ಮತ್ತು ಸೆವೆನ್‌ಹರ್ಟ್ಜ್ ಸಾಲ್‌ನೋಟ್ಸ್ ಝೀರೋ ಈ ಸಾಲಿನಲ್ಲಿ ಹೆಸರು ಮಾಡಿದವು, ಆಮೇಲೆ ಎರಡರದ್ದೂ ಎರಡನೇ ಆವೃತ್ತಿ ಬಂತು, ಟ್ರೂತಿಯರ್ ಗೇಟ್ ಬಂತು. ಇವಕ್ಕೂ ಮೊದಲು ಬ್ರಿಟನ್ನಿನಲ್ಲಿ ಅಗ್ಗದ ಒಳ್ಳೆಯ ಇಯರ್‌ಫೋನ್ ಎಂದರೆ ಸೌಂಡ್‌ಮ್ಯಾಜಿಕ್ ಇ10 ಎಂಬ ಕಾಲವಿತ್ತು. ನಾನು ಬಂದ ಹೊಸದರಲ್ಲಿ ಆಫೀಸಿನ ಅರ್ಧ ಜನರ ಕಿವಿಯಲ್ಲಿ ಅದೇ. ಅದರ ತಮ್ಮಂದಿರು ಈಗಲೂ ಸಿಗುತ್ತಾರೆ, ಸದ್ದು ತಡೆಯುವುದರಲ್ಲಿ ಈಗಲೂ ಪರವಾಗಿಲ್ಲ.

ಪೆಟ್ಟಿಗೆಯ ಮೇಲಿನ ಕೆಲವು ಮಾತುಗಳನ್ನು ನಾನು ಓದುವುದನ್ನೇ ಬಿಟ್ಟಿದ್ದೇನೆ. ಒಂದು ಕಿವಿಗೆ ಎಂಟು ಡ್ರೈವರ್, ಬೆಳ್ಳಿ ಲೇಪದ ಕೇಬಲ್, 40,000 ಹರ್ಟ್ಜ್‌ವರೆಗೆ ನುಡಿಯುತ್ತದೆ ಇತ್ಯಾದಿ. ಮನುಷ್ಯರ ಕಿವಿ ಎಳೆ ವಯಸ್ಸಿನಲ್ಲೇ 20,000ಕ್ಕೆ ನಿಲ್ಲುತ್ತದೆ, ನಲವತ್ತು ದಾಟಿದವರ ಗತಿ ಅದಕ್ಕಿಂತ ಕೆಳಗೆ. ಒಂದೇ ಒಂದು ಡ್ರೈವರನ್ನು ನೆಟ್ಟಗೆ ಶ್ರುತಿ ಮಾಡಿದ್ದರೆ ಸಾಕು.

ನೋಡಬೇಕಾದ್ದು ಕೆಲವು ಒರಟು ಸಂಗತಿಗಳು. ಕೇಬಲ್ ಕಳಚಿ ಬರುತ್ತದೆಯೇ? ಇಯರ್‌ಫೋನ್ ಸಾಯುವುದು ಬಹುಪಾಲು ಕೇಬಲಿನಿಂದ, ಜ್ಯಾಕಿನ ಹತ್ತಿರ ಬಾಗಿ ಬಾಗಿ. ಎರಡು ಸೂಜಿಯ ಕಳಚುವ ಕೇಬಲ್ ಇದ್ದರೆ ಹತ್ತು ಪೌಂಡಿಗೆ ಹೊಸದು ಹಾಕಿ ಮತ್ತೆ ಮೂರು ವರ್ಷ ಓಡಿಸಬಹುದು. ಚುವಿನ ಮೊದಲ ಆವೃತ್ತಿಯಲ್ಲಿ ಇದು ಇರಲಿಲ್ಲ, ಎರಡನೆಯದರಲ್ಲಿ ಇದೆ. ಕೇಬಲ್ ಕಿವಿಯ ಮೇಲಿಂದ ಸುತ್ತಿ ಬಂದರೆ ನಡೆಯುವಾಗ ಅಂಗಿಗೆ ಉಜ್ಜಿದ ಸದ್ದು ಒಳಗೆ ಬರುವುದಿಲ್ಲ. ದೇಹದ ಮೇಲೆ ಗಾಳಿಗೆಂದು ದೊಡ್ಡ ತೂತು ಬಿಟ್ಟಿದ್ದರೆ ತಡೆ ಕಡಿಮೆ ಎಂದೇ ತಿಳಿಯಿರಿ. ಫೈನಲ್ ಎಂಬ ಜಪಾನಿ ಕಂಪನಿಯ ಇ3000 ನನ್ನ ಕಿವಿಗೆ ಬಹಳ ಇಂಪು, ಆದರೆ ಹಿಂಬದಿಯಲ್ಲಿ ಜಾಲರಿ ಇರುವುದರಿಂದ ಟ್ಯೂಬಿಗೆ ಆಗಿಬರುವುದಿಲ್ಲ. ಮನೆಗೆ ಇಟ್ಟುಕೊಂಡಿದ್ದೇನೆ.

ಬಿರಡೆ ಸರಿಹೊಂದದಿದ್ದರೆ ಎಲ್ಲ ವ್ಯರ್ಥ

ಇಡೀ ವಿಷಯದಲ್ಲಿ ಮುಖ್ಯವಾದದ್ದು ಇದು. "ಇಪ್ಪತ್ತು ಪೌಂಡ್ ಕೊಟ್ಟೆ ಗುರೂ, ಡಬ್ಬಾ ಥರ ಇದೆ, ಬೇಸೇ ಇಲ್ಲ" ಎಂದು ಯಾರಾದರೂ ಹೇಳಿದರೆ ನಾನು ಕೇಳುವ ಮೊದಲ ಪ್ರಶ್ನೆ, ಯಾವ ಸೈಜಿನ ಟಿಪ್ ಹಾಕಿದ್ದೀಯ ಎಂದು. ಕಂಪನಿಯವರು ಮಧ್ಯದ ಸೈಜು ಹಾಕಿ ಕಳಿಸಿರುತ್ತಾರೆ. ಉಳಿದ ಎರಡು-ಮೂರು ಜೊತೆ ಪುಟ್ಟ ಪ್ಲಾಸ್ಟಿಕ್ ಚೀಲದಲ್ಲಿ ಹಾಗೇ ಕೂತಿರುತ್ತವೆ, ಬಿಚ್ಚುವುದೇ ಇಲ್ಲ. ಕಿವಿ ಪೂರ್ತಿ ಮುಚ್ಚದಿದ್ದರೆ ತಗ್ಗು ಸ್ಥಾಯಿ ಆ ಸಂದಿನಿಂದ ಹೊರಗೆ ಸೋರಿಹೋಗುತ್ತದೆ, ರೈಲಿನ ಗದ್ದಲ ಅದೇ ಸಂದಿನಿಂದ ಒಳಗೆ ಬರುತ್ತದೆ. ಎರಡೂ ತೊಂದರೆಗೆ ಒಂದೇ ತೂತು.

ಪರೀಕ್ಷೆ ಸುಲಭ. ಹಾಡು ಹಾಕಿ, ಇಯರ್‌ಫೋನನ್ನು ಬೆರಳಿನಿಂದ ಮೆಲ್ಲಗೆ ಒಳಗೆ ಒತ್ತಿ. ಒತ್ತಿದಾಗ ಬೇಸ್ ಹೆಚ್ಚಾದರೆ ಟಿಪ್ ಸಣ್ಣದಾಯಿತು ಎಂದರ್ಥ, ದೊಡ್ಡದಕ್ಕೆ ಹೋಗಿ. ಎರಡೂ ಕಿವಿ ಒಂದೇ ಅಳತೆ ಇರಬೇಕೆಂದಿಲ್ಲ. ನನ್ನ ಎಡಕ್ಕೆ ಮಧ್ಯದ್ದು, ಬಲಕ್ಕೆ ದೊಡ್ಡದು. ಹಾಕುವಾಗ ಇನ್ನೊಂದು ಕೈಯನ್ನು ತಲೆಯ ಮೇಲಿಂದ ತಂದು ಕಿವಿಯನ್ನು ಮೇಲಕ್ಕೂ ಹಿಂದಕ್ಕೂ ಎಳೆದು ಹಿಡಿಯಿರಿ, ಕಿವಿಯ ದಾರಿ ನೇರವಾಗುತ್ತದೆ. ಮಾಸ್ತರರು ಕಿವಿ ಹಿಂಡಿದ್ದು ನೆನಪಾಗುತ್ತದೆ, ಆದರೆ ಟಿಪ್ ಸರಿಯಾಗಿ ಕೂರುತ್ತದೆ. ಬಿರಡೆ ಕೂತಿದೆ ಎನ್ನುವುದಕ್ಕೆ ಇನ್ನೊಂದು ಗುರುತು, ಮಾತಾಡಿದರೆ ನಿಮ್ಮದೇ ದನಿ ತಲೆಯೊಳಗೆ ಮಡಕೆಯಲ್ಲಿ ಆಡಿದಂತೆ ಕೇಳುವುದು. ಇದೇ ಕಾರಣಕ್ಕೆ ತಾಸುಗಟ್ಟಲೆ ಮೀಟಿಂಗಿಗೆ ಇವು ಹಿತವಲ್ಲ.

ಫೋಮ್ ಟಿಪ್ ಹಾಕಿದರೆ ತಡೆ ಇನ್ನೂ ಹೆಚ್ಚು. ಬೆರಳಲ್ಲಿ ಹಿಸುಕಿ, ಒಳಗಿಟ್ಟು, ಇಪ್ಪತ್ತು-ಮೂವತ್ತು ಸೆಕೆಂಡ್ ಹಿಡಿದರೆ ಹಿಗ್ಗಿ ಕಿವಿಯ ಆಕಾರಕ್ಕೆ ಕೂರುತ್ತದೆ. ಆದರೆ ಇಲ್ಲೊಂದು ಹಣಕಾಸಿನ ಕೊಕ್ಕೆ ಇದೆ. ಹೆಸರಾದ ಕಂಪನಿಯ ಫೋಮ್ ಮೂರು ಜೊತೆಗೆ ಸುಮಾರು 15 ಪೌಂಡ್, ಒಂದು ಜೊತೆ ನನಗೆ ಮೂರು ತಿಂಗಳು ಬರುತ್ತದೆ. ಅಂದರೆ ವರ್ಷಕ್ಕೆ 20 ಪೌಂಡ್, ಮೂರು ವರ್ಷಕ್ಕೆ 60. ಇಯರ್‌ಫೋನಿಗೆ ಕೊಟ್ಟ ಮೂವತ್ತರ ಎರಡು ಪಟ್ಟು! ಮೊದಲು ಅಗ್ಗವಾಗಿ ಕಂಡು ವರ್ಷವರ್ಷಕ್ಕೂ ಕೊರೆಯುವ ಶುಲ್ಕದ ಜಾತಕ ಇದೇ. ಸಿಲಿಕೋನ್ ಟಿಪ್ಪಿನಲ್ಲೇ ಸರಿಯಾದ ಅಳತೆ ಸಿಕ್ಕರೆ ಅಲ್ಲೇ ನಿಲ್ಲಿ, ತೊಳೆದು ತೊಳೆದು ಬಳಸಬಹುದು. ಸಿಗದಿದ್ದರೆ ಮಾತ್ರ ಫೋಮ್.

ಈಗ ಗಂಟೆ ಲೆಕ್ಕ. ವಾರಕ್ಕೆ ನಾಲ್ಕೂವರೆ ಗಂಟೆ, ರಜೆ ಕಳೆದು 44 ವಾರ, ವರ್ಷಕ್ಕೆ ಸುಮಾರು 200 ಗಂಟೆ, ಮೂರು ವರ್ಷಕ್ಕೆ 600. ಮೂವತ್ತು ಪೌಂಡಿನದಕ್ಕೆ ಗಂಟೆಗೆ 5 ಪೆನ್ನಿ. ಫೋನಿಗೆ ಜ್ಯಾಕ್ ಇಲ್ಲದ್ದಕ್ಕೆ 10 ಪೌಂಡಿನ ಯುಎಸ್‌ಬಿ-ಸಿ ಅಡಾಪ್ಟರ್ ಸೇರಿಸಿದರೆ 7 ಪೆನ್ನಿಯ ಹತ್ತಿರ. ಮೂರು ವರ್ಷದ ಫೋಮನ್ನೂ ಸೇರಿಸಿದರೆ 17. ಇನ್ನೂರಿಪ್ಪತ್ತು ಪೌಂಡಿನ ವೈರ್‌ಲೆಸ್ಸಿಗೆ 37 ಪೆನ್ನಿ, ಅದೂ ಬ್ಯಾಟರಿ ಮೂರು ವರ್ಷ ಪೂರ್ತಿ ಬಾಳಿದರೆ. ಕಡಲೆಬೀಜದಷ್ಟು ಬ್ಯಾಟರಿ, ಬದಲಿಸಲು ಬರುವುದಿಲ್ಲ, ಎರಡನೇ ವರ್ಷಕ್ಕೇ ಏದುಸಿರು ಬಿಡುತ್ತದೆ. ಉಳಿದ ದುಡ್ಡನ್ನು ಇಂಡೆಕ್ಸ್ ಫಂಡಿನಲ್ಲಿ ಇಪ್ಪತ್ತು ವರ್ಷ ಇಟ್ಟರೆ ಎಷ್ಟಾಗುತ್ತದೆ ಎಂಬ ಲೆಕ್ಕ ಇಲ್ಲಿ ಹಾಕುವುದಿಲ್ಲ. ಕಾಫಿ ಕುಡಿಯುವವರನ್ನು ಹೆದರಿಸುವ ಆ ಲೆಕ್ಕ ನನಗೇ ಹಿಡಿಸುವುದಿಲ್ಲ.

ವೈರ್‌ಲೆಸ್ ಬೇಡವೇ ಬೇಡ ಎನ್ನುತ್ತಿಲ್ಲ. ಅಡುಗೆಮನೆಯಲ್ಲಿ, ಜಿಮ್ಮಿನಲ್ಲಿ, ಮಗು ಎತ್ತಿಕೊಂಡಾಗ ವೈರು ಕಾಟವೇ. ಆ್ಯಂಕರ್‌ನ ಸೌಂಡ್‌ಕೋರ್, ಇಲ್ಲಿ ಲಂಡನ್ನಿನಲ್ಲೇ 2020ರಲ್ಲಿ ಹುಟ್ಟಿದ ನಥಿಂಗ್ ಕಂಪನಿಯ ಸಿಎಂಎಫ್ ಇವುಗಳಲ್ಲಿ 40ರಿಂದ 80 ಪೌಂಡಿನೊಳಗೆ ಸದ್ದು ತಗ್ಗಿಸುವ ಒಳ್ಳೆಯವು ಸಿಗುತ್ತವೆ. ಇವುಗಳಲ್ಲೂ ರಬ್ಬರ್ ಟಿಪ್ ಇರುವ ಮಾದರಿಯನ್ನೇ ತೆಗೆದುಕೊಳ್ಳಿ. ಟಿಪ್ ಇಲ್ಲದೆ ಕಿವಿಯ ಬಾಯಲ್ಲಿ ನೇತಾಡುವ ಬಗೆಯವು ಟ್ಯೂಬಿನಲ್ಲಿ ವಾಲ್ಯೂಮ್ ಏರಿಸುವ ಯಂತ್ರಗಳು ಅಷ್ಟೇ, ಅವುಗಳ ಬೆಲೆ ಎಷ್ಟೇ ಇರಲಿ.

ನಾನು ಕೇಳಿ ನೋಡುವುದು ಹೇಗೆ

ಇಂಗ್ಲಿಷ್ ವಿಮರ್ಶೆಗಳಲ್ಲಿ ಯಾವುದೋ ರಾಕ್ ಹಾಡುಗಳ ಪಟ್ಟಿ ಕೊಡುತ್ತಾರೆ, ನಮಗೆ ಅದರಿಂದ ಉಪಯೋಗ ಕಡಿಮೆ. ನಮ್ಮ ಸಂಗೀತ ಹೆಚ್ಚಾಗಿ ದನಿಯ ಸಂಗೀತ. ನಾನು ಮೊದಲು ಹಾಕುವುದು ಗಂಗೂಬಾಯಿ ಹಾನಗಲ್ಲರನ್ನು. ಆ ಗಡಸು, ತುಂಬಿದ ದನಿ ತೆಳ್ಳಗಾಗಿ ಕೇಳಿದರೆ ಮಧ್ಯದ ಸ್ಥಾಯಿ ಕೊರೆದು ತೆಗೆದಿದ್ದಾರೆ ಎಂದು ಗೊತ್ತಾಗುತ್ತದೆ. ಆಮೇಲೆ ಭೀಮಸೇನ ಜೋಶಿಯವರ ಯಾವುದಾದರೂ ವಿಲಂಬಿತ. ಹಾಡು ಶುರುವಾಗುವ ಮೊದಲಿನ ತಂಬೂರಿ ಮಾತ್ರ ಒಂದು ನಿಮಿಷ ಕೇಳಿ. ನಾಲ್ಕು ತಂತಿ ಬೇರೆ ಬೇರೆಯಾಗಿ ಕೇಳಬೇಕು, ಜೇನುಹುಳದ ಹಿಂಡಿನಂತೆ ಒಂದಾಗಿಬಿಡಬಾರದು. ದೊರೆಸ್ವಾಮಿ ಅಯ್ಯಂಗಾರರ ವೀಣೆಯಲ್ಲಿ ಮೀಟಿದ ಮೇಲೆ ಉಳಿಯುವ ನಾದ, ಮೃದಂಗದ ಎಡಬದಿಯ ಗುಮುಕಿ. ಗುಮುಕಿ ಕೇಳದಿದ್ದರೆ ಮತ್ತೆ ಟಿಪ್ ನೋಡಿ.

ಎಸ್. ಜಾನಕಿಯವರ ಎಪ್ಪತ್ತರ ದಶಕದ ಸಿನಿಮಾ ಹಾಡುಗಳು ಇನ್ನೊಂದು ಕಡೆಯ ಪರೀಕ್ಷೆ. ಆ ಕಾಲದ ಧ್ವನಿಮುದ್ರಣ ಮೊದಲೇ ಸ್ವಲ್ಪ ಚೂಪು. ಮೇಲಿನ ಸ್ಥಾಯಿಯನ್ನು ಉಬ್ಬಿಸಿದ ಇಯರ್‌ಫೋನಿನಲ್ಲಿ 'ಸ'ಕಾರ 'ಶ'ಕಾರಗಳು ಸೂಜಿಯ ಹಾಗೆ ಚುಚ್ಚುತ್ತವೆ. ಅಂಗಡಿಯಲ್ಲಿ ಎರಡು ನಿಮಿಷ ಕೇಳಿದರೆ ಅದು "ಎಷ್ಟು ಸ್ಪಷ್ಟ" ಎನ್ನಿಸುತ್ತದೆ, ಕೆನರಿ ವಾರ್ಫ್ ತಲುಪುವಷ್ಟರಲ್ಲಿ ತಲೆನೋವು. ಬರೀ ಮಾತು ಕೇಳುವವರು ತಲೆ-ಹರಟೆಯಂಥ ಕನ್ನಡ ಪಾಡ್‌ಕಾಸ್ಟ್ ಒಂದನ್ನು ರೈಲಿನಲ್ಲಿ ಹಾಕಿ, ವಾಲ್ಯೂಮನ್ನು ಅರ್ಧದ ಕೆಳಗೆ ಇಟ್ಟು, ಬಾಂಡ್ ಸ್ಟ್ರೀಟಿನಿಂದ ಗ್ರೀನ್ ಪಾರ್ಕ್ ತನಕ ಪ್ರತಿ ಪದ ಸಿಗುತ್ತದೆಯೇ ನೋಡಲಿ. ಸಿಕ್ಕರೆ ಬೇರೇನೂ ನೋಡಬೇಕಿಲ್ಲ. ಪ್ಲಾಟ್‌ಫಾರ್ಮಿನಲ್ಲೂ ರಸ್ತೆ ದಾಟುವಾಗಲೂ ಒಂದು ಕಿವಿಯದ್ದನ್ನು ತೆಗೆದುಬಿಡಿ, ಇಷ್ಟು ಚೆನ್ನಾಗಿ ಮುಚ್ಚಿದ ಕಿವಿಗೆ ಸೈಕಲ್ಲಿನ ಗಂಟೆಯೂ ಕೇಳುವುದಿಲ್ಲ.

ಕೊಳ್ಳುವಾಗ

ಇಲ್ಲಿಯ ಕಾನೂನು ಕೊಳ್ಳುವವರ ಪರ ಸಾಕಷ್ಟು ಇದೆ, ಆದರೆ ಇಯರ್‌ಫೋನಿಗೆ ಒಂದು ಕೊಂಕಿದೆ. 2013ರ ನಿಯಮಗಳ ಪ್ರಕಾರ ಆನ್‌ಲೈನಿನಲ್ಲಿ ಕೊಂಡದ್ದನ್ನು ಕೈಸೇರಿದ 14 ದಿನದೊಳಗೆ ಕಾರಣ ಕೊಡದೆ ರದ್ದು ಮಾಡಬಹುದು. ಆರೋಗ್ಯ-ಸ್ವಚ್ಛತೆಯ ಕಾರಣಕ್ಕೆ ಸೀಲು ಮಾಡಿದ ವಸ್ತುವಿನ ಸೀಲು ಒಡೆದರೆ ಆ ಹಕ್ಕು ಹೋಗುತ್ತದೆ. ಕಿವಿಯೊಳಗೆ ಹೋಗುವ ಸಾಮಾನಾದ್ದರಿಂದ ಕೆಲವು ಅಂಗಡಿಗಳು ಇದನ್ನೇ ಹಿಡಿದು ಕೂರುತ್ತವೆ, ಇನ್ನು ಕೆಲವು ಧಾರಾಳವಾಗಿ ವಾಪಸು ತೆಗೆದುಕೊಳ್ಳುತ್ತವೆ. ಹಾಗಾಗಿ ಸೀಲು ಒಡೆಯುವ ಮೊದಲು ಆ ಅಂಗಡಿಯ ವಾಪಸಾತಿ ಪುಟ ಓದಿ. ಕೆಟ್ಟ ಸಾಮಾನಿನ ವಿಷಯ ಬೇರೆ. ಒಂದು ಕಿವಿ ಸತ್ತುಹೋದರೆ, ಸೀಲು ಒಡೆದಿದ್ದರೂ, 2015ರ ಗ್ರಾಹಕ ಹಕ್ಕು ಕಾಯ್ದೆಯಡಿ 30 ದಿನದೊಳಗೆ ಪೂರ್ತಿ ಹಣ ಕೇಳಬಹುದು. ಆರು ತಿಂಗಳೊಳಗಿನ ದೋಷ ಮೊದಲಿಂದಲೇ ಇತ್ತು ಎಂದೇ ಕಾನೂನು ಭಾವಿಸುತ್ತದೆ, ಇರಲಿಲ್ಲ ಎಂದು ತೋರಿಸುವ ಹೊಣೆ ಅಂಗಡಿಯದು. ಒಂದು ಅಂಗಡಿಯವರು ನನಗೆ "ತಯಾರಕರಿಗೆ ಬರೆಯಿರಿ" ಎಂದು ಸಾಗಹಾಕಲು ನೋಡಿದ್ದರು. ಒಪ್ಪಂದ ನಿಮ್ಮ ಜೊತೆ, ತಯಾರಕರ ಜೊತೆಗಲ್ಲ ಎಂದು ಈ ಕಾಯ್ದೆಯ ಹೆಸರು ಹೇಳಿ ಎರಡು ಸಾಲು ಬರೆದೆ, ನಾಲ್ಕು ದಿನದಲ್ಲಿ ಹಣ ಬಂತು.

ಕ್ರೆಡಿಟ್ ಕಾರ್ಡಿನ ಸೆಕ್ಷನ್ 75 ರಕ್ಷಣೆ 100 ಪೌಂಡ್ ಮೀರಿದ ವಸ್ತುವಿಗೆ ಮಾತ್ರ. ಮೂವತ್ತರದಕ್ಕೆ ಅದು ಸಿಗುವುದಿಲ್ಲ, ಬ್ಯಾಂಕಿನ ಚಾರ್ಜ್‌ಬ್ಯಾಕ್ ಕೇಳಬಹುದು. ಅದು ಕಾರ್ಡ್ ಕಂಪನಿಗಳ ನಿಯಮ, ಕಾನೂನಲ್ಲ, ಆದರೂ ಬಹಳ ಸಲ ಕೆಲಸ ಮಾಡುತ್ತದೆ.

ಚೀನಾದಿಂದ ನೇರ ತರಿಸಿದರೆ ಐದಾರು ಪೌಂಡ್ ಉಳಿಯಬಹುದು. 2021ರ ಜನವರಿಯಿಂದ 135 ಪೌಂಡ್‌ವರೆಗಿನ ಸಾಮಾನಿಗೆ ಶೇಕಡಾ 20 ವ್ಯಾಟನ್ನು ಮಾರುವ ತಾಣವೇ ಹಿಡಿದುಕೊಳ್ಳುತ್ತದೆ, ಹಾಗಾಗಿ ಬಾಗಿಲ ಬಳಿ ಪೋಸ್ಟಿನವರಿಗೆ ದುಡ್ಡು ಕಟ್ಟುವ ಪ್ರಸಂಗ ಬರುವುದಿಲ್ಲ. ಆದರೆ ಕೆಟ್ಟರೆ ಶೆಂಜೆನ್‌ಗೆ ವಾಪಸು ಕಳಿಸುವ ಅಂಚೆಗೇ ಹತ್ತು ಪೌಂಡ್ ಬೇಕು. ಈ ಐದಾರು ಪೌಂಡನ್ನು ನಾನು ವಿಮೆಯ ಕಂತು ಎಂದುಕೊಂಡು ಇಲ್ಲಿಯ ಮಾರಾಟಗಾರರಿಂದಲೇ ಕೊಳ್ಳುತ್ತೇನೆ. ಕೈಯಲ್ಲಿ ಹಿಡಿದು ನೋಡಿ ಕೊಳ್ಳುವವರಿಗೆ ರಿಚರ್ ಸೌಂಡ್ಸ್ ಇದೆ. 1978ರಲ್ಲಿ ಲಂಡನ್ ಬ್ರಿಡ್ಜ್ ಹತ್ತಿರ ಜೂಲಿಯನ್ ರಿಚರ್ ತೆರೆದ ಅಂಗಡಿ, 2019ರಲ್ಲಿ ಅವರು ಕಂಪನಿಯ ಶೇಕಡಾ 60ನ್ನು ನೌಕರರ ಟ್ರಸ್ಟಿಗೆ ವರ್ಗಾಯಿಸಿದರು. ಷೇರು ಹಂಚಿಕೆಯ ಬಗ್ಗೆ ಬರೆಯುವಾಗ ಇದರ ಕಥೆಯನ್ನು ಇನ್ನೊಮ್ಮೆ ವಿವರವಾಗಿ ಹೇಳುತ್ತೇನೆ. ಆದರೆ ನೆನಪಿಡಿ, ಅಂಗಡಿಗೆ ಹೋಗಿ ಕೊಂಡದ್ದಕ್ಕೆ ಮನಸ್ಸು ಬದಲಾಯಿತೆಂದು ವಾಪಸು ಮಾಡುವ 14 ದಿನದ ಹಕ್ಕಿಲ್ಲ. ರಸೀದಿಯ ಫೋಟೋ ತೆಗೆದಿಟ್ಟುಕೊಳ್ಳಿ, ಅವರ ರಸೀದಿ ಕಾಗದದ ಮಸಿ ಆರು ತಿಂಗಳಲ್ಲಿ ಮಾಸಿಹೋಗುತ್ತದೆ.